ತಿಪ್ಪೆಗೆ ದೀಪ ಇಟ್ಟ ಸಂಜೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಕಸದ ಡಬ್ಬವೇ ಇರಲಿಲ್ಲ, ಮಕ್ಕಳೇ. ಹಿತ್ತಲಲ್ಲಿ ತಿಪ್ಪೆ ಇತ್ತು. ಸಗಣಿ, ಒಲೆಯ ಬೂದಿ, ಅವರೆಕಾಯಿ ಸಿಪ್ಪೆ, ಉಂಡ ಬಾಳೆಲೆ ಎಲ್ಲವೂ ಆ ಗುಡ್ಡೆಗೇ. ಅಲ್ಲಿ ಕೊಳೆತು ಕಪ್ಪಗೆ, ಬೆಚ್ಚಗೆ ಗೊಬ್ಬರವಾಗುತ್ತಿತ್ತು. ಚಳಿಯ ಬೆಳಗಿನಲ್ಲಿ ಅದರಿಂದ ಹಬೆ ಏಳುವುದನ್ನು ನೋಡುತ್ತಾ ನಾನು ಹಲ್ಲುಜ್ಜುತ್ತಿದ್ದೆ. ಬೇಸಿಗೆ ಬಂದಾಗ ಅಪ್ಪ ಅದನ್ನು ಗಾಡಿಗೆ ತುಂಬಿ ರಾಗಿ ಹೊಲಕ್ಕೆ ಹೊಡೆಯುತ್ತಿದ್ದರು. ಈಗ ಪೀಣ್ಯದ ಶೆಡ್ಡುಗಳಿರುವ ಕಡೆಯೇ ಆ ಹೊಲ.

ಫ್ಯಾಕ್ಟರಿಗಳು ಆಗಷ್ಟೇ ಬರತೊಡಗಿದ್ದವು. ಕೊಟ್ಟಿಗೆಯ ಪಕ್ಕದ ರೂಮನ್ನು ಅಪ್ಪ ಒಬ್ಬ ಕಾರ್ಮಿಕನಿಗೆ ಬಾಡಿಗೆಗೆ ಕೊಟ್ಟಿದ್ದರು. ಅವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹುಬ್ಬಳ್ಳಿ ಪೇಟೆಯಲ್ಲಿ ಬೆಳೆದವಳು. ನಾನು ಕಾನ್ವೆಂಟಿನಿಂದ ಬಂದ ಕೂಡಲೇ ನನ್ನ ಬಿಗಿ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಸಡಿಲವಾಗಿ ಹೆಣೆದು ಬಿಡುತ್ತಿದ್ದಳು.

ದೀಪಾವಳಿಯಲ್ಲಿ ತಿಪ್ಪೆಗೂ ದೀಪ ಇಡುವುದು ನಮ್ಮ ಪದ್ಧತಿ. ಅಂದು ಸಂಜೆ ಅಮ್ಮ ಸಗಣಿ ಉಂಡೆಗೆ ಗರಿಕೆ, ಚೆಂಡುಹೂವು ಸಿಕ್ಕಿಸಿಕೊಂಡು, ಹಣತೆ ಹಿಡಿದು ಬರಿಗಾಲಲ್ಲಿ ತಿಪ್ಪೆ ಹತ್ತಿದಳು. ಹತ್ತಿದವಳು ಹಾಗೇ ಕೂತುಬಿಟ್ಟಳು. ಅಂಗಾಲಿಗೆ ಗಾಜು ಹೊಕ್ಕಿತ್ತು. ಹಿಂದಿನ ದಿನ ಅಕ್ಕನ ರೂಮಿನಲ್ಲಿ ಒಡೆದಿದ್ದ ಲಾಟೀನಿನ ಗಾಜು.

"ಅಬ್ಬದ ದಿನ ಮನೆಯೋಳ ರಕ್ತ ಬಿತ್ತಲ್ಲ," ಎಂದು ಅಪ್ಪ ಗುಡುಗಿದರು. "ಇದು ಅನ್ನ ಕೊಡೋ ಜಾಗ. ನಾಳೆ ಬೆಳಗ್ಗೇನೇ ರೂಮು ಖಾಲಿ ಮಾಡ್ಕೊಂಡು ಓಗ್ಲಿ ಅವ್ರು."

ಅಕ್ಕನ ಗಂಡ ಶಿಫ್ಟಿಗೆ ಹೋಗಿದ್ದ. ಅವಳೊಬ್ಬಳೇ ಸೆರಗು ಹಿಂಡುತ್ತಾ ಬಂದು ನಿಂತಳು.

"ಒಗದಾಕಿ ನಾನರೀ. ತಿಪ್ಪಿ ಅಂದ್ರ ಬ್ಯಾಡಾದ್ದೆಲ್ಲಾ ಒಗಿಯೂ ಜಾಗಾ ಅನ್ಕೊಂಡಿದ್ದೆ. ಇದಕ್ಕ ದೀಪಾ ಇಡ್ತೀರಿ ಅಂತ ನನಗ ಗೊತ್ತಿದ್ದಿಲ್ರಿ."

ಸೀರೆ ಎತ್ತಿ ಕಟ್ಟಿ, ಒಂದು ಹಳೆಯ ಮೊರ ಹಿಡಿದು ತಿಪ್ಪೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಕೈಯಿಂದಲೇ ಗೊಬ್ಬರ ಕೆದಕಿ ಚೂರು ಆರಿಸತೊಡಗಿದಳು. ಬಿಸಿ ಸಗಣಿಯ ವಾಸನೆ ಎದ್ದಿತು. ಕಾಲಿಗೆ ಅರಿಸಿನದ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದ ಅಮ್ಮ, "ಬರಿ ಕೈ ಆಕ್ಬ್ಯಾಡ, ಕಡ್ಡಿ ತಗೊಳವ್ವ," ಎಂದಳು. ಕತ್ತಲಾಗುತ್ತಾ ಬಂತು. ದೂರ ನಿಂತಿದ್ದ ಅಪ್ಪ ಒಳಗೆ ಹೋಗಿ ನಮ್ಮ ಲಾಟೀನು ತಂದು, ಅವಳ ಪಕ್ಕ ಹಿಡಿದು ನಿಂತರು.

ಕೊನೆಗೆ ಅಮ್ಮ, "ನನ್ ಕೈಲಿ ಅತ್ತಾಕಾಗಲ್ಲ. ದೀಪ ನೀನೇ ಇಡು," ಎಂದಳು.

"ನಾನಾರೀ?"

"ಮತ್ಯಾರು? ಸೀರೆ ಸುಟ್ಕೊಂಡೀಯ, ಉಷಾರು."

ಅಕ್ಕ ದೀಪವಿಟ್ಟು ಕೆಳಗಿಳಿದ ಮೇಲೆ ಅಪ್ಪ ಲಾಟೀನು ಕೆಳಗಿಟ್ಟರು. "ಕೊಟ್ಟಿಗೆ ಮೂಲೇಲಿ ಒಂದು ಒಡಕು ಮಡಕೆ ಮಡಗ್ತೀನಿ. ಗಾಜು, ಬ್ಲೇಡು, ಮೊಳೆ ಏನಿದ್ರೂ ನಾಳೆಯಿಂದ ಅದ್ರಾಗೆ ಆಕವ್ವ."

ನಾಳೆಯಿಂದ ಎಂದರು. ಆ ಒಂದು ಮಾತು ಕೇಳಿ ನಾನು ಅಕ್ಕನ ಸಗಣಿ ಕೈಯನ್ನೇ ಹಿಡಿದುಕೊಂಡೆ.

ಈಗ ಆ ಹಿತ್ತಲಲ್ಲಿ ನಮ್ಮ ಮೂರಂತಸ್ತಿನ ಮನೆ ಇದೆ. ಬೆಳಗ್ಗೆ ಕಸದ ಆಟೊ ಹಾಡು ಹಾಕಿಕೊಂಡು ಬಂದರೆ ನೀವು ಹಸಿ ಕಸ, ಒಣ ಕಸ ಬೇರೆ ಬೇರೆ ಹಿಡಿದು ಮೆಟ್ಟಿಲಿಳಿಯುತ್ತೀರಿ. ಅಷ್ಟರಮಟ್ಟಿಗೆ ನಮಗಿಂತ ಜಾಣರು. ಆದರೆ ನಮ್ಮ ಕಸ ನಮ್ಮ ಕಣ್ಣೆದುರೇ ಇರುತ್ತಿತ್ತು, ತುಳಿಯುವವರೂ ನಮ್ಮವರೇ. ನಿಮ್ಮದು ರಸ್ತೆಯ ತಿರುವಿನಲ್ಲಿ ಮರೆಯಾಗುತ್ತದೆ. ಅಲ್ಲಿಂದ ಎಲ್ಲಿಗೆ ಹೋಗುತ್ತದೋ, ಯಾರ ಕೈ ಸೇರುತ್ತದೋ ನನಗೂ ತಿಳಿಯದು. ನಾಳೆ ಕಸದ ಆಟೊದಲ್ಲಿ ಬರುವ ಅಕ್ಕನನ್ನು ಕೇಳಿಕೊಂಡು ಬಂದು ನನಗೂ ಹೇಳಿ.