ನನ್ನ ಮಾತು ನಾನೇ ಮುಗಿಸಿದ್ದು

ಇಪ್ಪತ್ತೆಂಟು ವರ್ಷ ಶಹಾಬಾದಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರಿದವಳು ನಾನು. ಮೊದಲಿನ ಹದಿನೈದು ವರ್ಷ ಕಟ್ಟಿಗೆ ಒಲೆ, ಆಮೇಲೆ ಗ್ಯಾಸು. ಗ್ಯಾಸು ಬರುವಷ್ಟರಲ್ಲಿ ಹೊಗೆ ತನ್ನ ಕೆಲಸ ಮುಗಿಸಿತ್ತು. ಎದೆಯಲ್ಲಿ ಗೊರಗೊರ, ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಕಲಬುರಗಿಯ ಡಾಕ್ಟರು ಪುಪ್ಪುಸ ಹಳೆಯ ಸ್ಥಿತಿಗೆ ಬರುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಇನ್ಹೇಲರು ಬರೆದುಕೊಟ್ಟರು.

ರೊಟ್ಟಿ ಬಡಿಯುವುದು ನಿಂತದ್ದಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಇನ್ನೊಂದು. ಮಾತಿನ ನಡುವೆ ದಮ್ಮು ಹತ್ತಿ ನಾನು ನಿಂತರೆ ಸಾಕು, ಉಳಿದದ್ದನ್ನು ನಮ್ಮ ಯಜಮಾನರು ಮುಗಿಸುತ್ತಿದ್ದರು. ಅದೂ ತಮ್ಮ ಮನಸ್ಸಿಗೆ ಬಂದ ಹಾಗೆ. ನಾನು "ಬದನಿಕಾಯಿ..." ಎಂದು ಉಸಿರು ಹಿಡಿಯುವಷ್ಟರಲ್ಲಿ ಅವರು ಒಂದು ಕಿಲೋ ತೂಗಿಸಿಯೇ ಬಿಡುತ್ತಿದ್ದರು. ನಾನು ಹೇಳಹೊರಟಿದ್ದು ಬದನೆಕಾಯಿ ಬಾಡಿದೆ ಎಂದು. ಮನೆಯಲ್ಲಿ ಮೂರು ದಿನ ಎಣ್ಣೆಗಾಯಿ.

ಬದನೆಕಾಯಿ ಹೋಗಲಿ, ನನ್ನ ರೊಟ್ಟಿ ಅಂಗಡಿಯ ವಿಷಯದಲ್ಲೂ ಹಾಗೇ ಆಗುವುದಿತ್ತು. ಅಂಗಡಿಯ ಜಾಗ ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರ ಮಾಡುವ ಒಬ್ಬ ಹಿರಿಯ ಸಾಹೇಬರದು. ಅಳಿಯನಿಗೆ ಮೊಬೈಲ್ ಅಂಗಡಿ ಹಾಕಿಕೊಡಬೇಕು, ನೀವು ಬಿಡುತ್ತೀರೋ ಇಲ್ಲವೋ ರಂಜಾನ್ ಮುಗಿದ ಮೇಲೆ ಬಂದು ಕೇಳುತ್ತೇನೆ ಎಂದು ಹೇಳಿಹೋಗಿದ್ದರು. ಒತ್ತಾಯವಿರಲಿಲ್ಲ, ಸಭ್ಯ ಮನುಷ್ಯ. ಆದರೆ ನಮ್ಮವರು ಆಗಲೇ ಓಣಿಯಲ್ಲೆಲ್ಲ ಬಿಡುತ್ತೇವೆ ಎಂದು ಡಂಗುರ ಹೊಡೆದಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಆ ದಿನಗಳಲ್ಲೇ ಡಾಕ್ಟರು ನನ್ನನ್ನು ಉಸಿರಿನ ವ್ಯಾಯಾಮ ಕಲಿಸುವ ಫಿಸಿಯೋಥೆರಪಿ ಹುಡುಗಿಯ ಬಳಿ ಕಳಿಸಿದರು. ಚಿಂಚೋಳಿ ಕಡೆಯ ಕೊಡ್ಲಿ ಊರಿನವಳು. ತೋಳಿಗೆ ಇರುವಂತೆ ಉಸಿರೆಳೆಯುವುದಕ್ಕೂ ಸ್ನಾಯುಗಳಿವೆ, ಪುಪ್ಪುಸ ಕೆಟ್ಟರೂ ಅವನ್ನು ಗಟ್ಟಿ ಮಾಡಬಹುದು ಎಂದಳು. ಅಂಗೈಯಗಲದ ಪ್ಲಾಸ್ಟಿಕ್ ಸಾಧನ ಕೊಟ್ಟಳು. ಬಾಯಿಗಿಡಲು ಕೊಳವೆ, ಒಳಗೊಂದು ಸ್ಪ್ರಿಂಗು, ಬಿಗಿ ಮಾಡಲು ತಿರುಗಣಿ. ಬೆಳಿಗ್ಗೆ ಮೂವತ್ತು ಸಲ, ಸಂಜೆ ಮೂವತ್ತು ಸಲ. ಗೊತ್ತಾಯಿತೇ ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಗೊತ್ತಾಯಿತು ಎಂದರು.

ಮನೆಗೆ ಬಂದು ಶ್ರದ್ಧೆಯಿಂದ ಮಾಡಿದೆ. ಭಾರ ಎನ್ನುವ ಮಾತೇ ಇಲ್ಲ, ಹೂ ಎತ್ತಿದಷ್ಟು ಸಲೀಸು. ಹದಿನೈದು ದಿನದ ಮೇಲೆ ಹೋಗಿ ಇನ್ನೂ ಬಿಗಿ ಮಾಡಿಕೊಡು ಎಂದು ಜಂಬ ಕೊಚ್ಚಿದೆ. ಅವಳು ತಿರುಗಣಿ ತಿರುವಿದಳು. ಆಗಲೂ ಸಲೀಸು. ಅವಳಿಗೆ ಅನುಮಾನ ಬಂದು, ತನ್ನೆದುರಿಗೇ ಮಾಡಿ ತೋರಿಸಲು ಹೇಳಿದಳು. ನಾನು ಬೆನ್ನು ನೆಟ್ಟಗೆ ಮಾಡಿ, ಕೊಳವೆ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ ಫೂ ಎಂದು ಊದಿದೆ.

"ಅಮ್ಮಾ, ಇದು ಊದೋದಲ್ರಿ," ಎಂದಳು ನಗು ತಡೆಯಲಾರದೆ. "ಒಳಗ ಜಗ್ಗೋದು."

ಕೊಳವೆ ಕೈಗೆ ಬಂದರೆ ಒಲೆ ಊದಿದವಳು ಊದದೆ ಇನ್ನೇನು ಮಾಡಿಯಾಳು? ಏಳು ವರ್ಷದವಳಿದ್ದಾಗಿನಿಂದ ಊದುಗೊಳವೆ ಹಿಡಿದ ಬಾಯಿ ಇದು. ನನಗೂ ನಗು ಬಂತು, ನಗುವಿನ ಹಿಂದೆ ಕೆಮ್ಮೂ ಬಂತು. ಯಜಮಾನರು ಏನೋ ಸಮಜಾಯಿಷಿ ಹೇಳಹೋದರು. ಅವಳು ತಡೆದಳು.

"ನೀವು ಜರಾ ಹೊರಗ ಕುಂದ್ರಿ ಕಾಕಾ. ನಾ ಅವರಿಗಿ ಕೇಳ್ತೀನಿ."

ಆ ಮಾತಿಗೆ ನಾನು ಅವಳಿಗೆ ಸೋತುಹೋದೆ. ಬಾಗಿಲು ಮುಚ್ಚಿಕೊಂಡ ಮೇಲೆ ಏನು ಮಾಡಬೇಕೆಂದಿದೆ ನಿಮಗೆ ಎಂದು ಕೇಳಿದಳು. ಉಸಿರು ಸಾಲದೆ ತಡವರಿಸುತ್ತ ಅಂಗಡಿಯ ಕಥೆಯನ್ನೆಲ್ಲ ಹೇಳಿದೆ. ನಡುವೆ ಎಷ್ಟು ಸಲ ನಿಂತೆನೋ, ಅವಳು ಒಂದು ಸಲವೂ ಬಾಯಿ ಹಾಕಲಿಲ್ಲ.

ಒಳಗೆ ಎಳೆಯುವುದು ಮಾತ್ರ ಸಾಮಾನ್ಯದ ಕೆಲಸವಲ್ಲ. ಮೂಗಿಗೆ ಕ್ಲಿಪ್ಪು ಹಾಕಿ ಎಳೆದರೆ ಸ್ಪ್ರಿಂಗು ಕದಲುವುದೇ ಇಲ್ಲ. ಎಂಟು ಸಲಕ್ಕೆ ಸುಸ್ತು. ಪಕ್ಕೆಲುಬಿನ ಸಂದುಗಳಲ್ಲಿ ನೋವು. ಎಷ್ಟೋ ಸಲ ಅದನ್ನು ಎತ್ತಿ ಬಿಸಾಡಬೇಕೆನಿಸಿತು. ಆದರೂ ಎಂಟು ಹತ್ತಾಯಿತು, ನಡುನಡುವೆ ದಣಿವಾರಿಸಿಕೊಂಡು ಮೂವತ್ತೂ ಆಯಿತು. ಎರಡು ತಿಂಗಳಾಗುವಷ್ಟರಲ್ಲಿ ರೈಲ್ವೆ ಸ್ಟೇಷನ್ನಿನ ಮೆಟ್ಟಿಲನ್ನು ಎರಡೇ ಕಡೆ ನಿಂತು ಹತ್ತಿದೆ. ಮೊದಲು ಆರು ಕಡೆ ನಿಲ್ಲುತ್ತಿದ್ದೆ.

ರಂಜಾನ್ ಮುಗಿದ ನಾಲ್ಕನೆಯ ದಿನ ಸಾಹೇಬರು ಬಂದರು. ಕುಳಿತು, ನೀರು ಕುಡಿದು, ವಾಡಿಕೆಯಂತೆ ಯಜಮಾನರ ಮುಖ ನೋಡಿದರು. ಇವರು ಗಂಟಲು ಸರಿಮಾಡಿಕೊಂಡರು. ನಾನು ಕೈ ಎತ್ತಿದೆ.

"ಅಂಗಡಿ ಬಿಡಂಗಿಲ್ರಿ ಸಾಹೇಬ್ರ," ಎಂದೆ. "ರೊಟ್ಟಿ ಬಡಿಲಿಕ್ಕ ಓಣ್ಯಾಗಿನ ಇಬ್ಬರು ಹೆಣ್ಮಕ್ಕಳು ಅದಾರ..."

ಅಲ್ಲಿ ಉಸಿರು ಮುಗಿಯಿತು. ಯಜಮಾನರ ತುಟಿ ಅಲುಗಿತು. ನಾನು ಎತ್ತಿದ ಕೈ ಇಳಿಸಲಿಲ್ಲ. ಕಲಿತ ಹಾಗೆ, ಅವಸರ ಮಾಡದೆ, ಹೊಟ್ಟೆಯತನಕ ಉಸಿರೆಳೆದುಕೊಂಡೆ. ಇಬ್ಬರು ಗಂಡಸರೂ ಕಾದರು.

"ನಾ ಗಲ್ಲಾದ ಮ್ಯಾಲ ಕುಂದ್ರತೀನಿ. ಅಂಗಡಿ ನಂದ, ನಾನ ನಡಸ್ತೀನಿ."

ಸಾಹೇಬರು ತಲೆದೂಗಿ, ಅಳಿಯನಿಗೆ ಬಸ್‌ಸ್ಟ್ಯಾಂಡಿನ ಕಡೆ ಜಾಗ ನೋಡುವುದಾಗಿ ಹೇಳಿ ಎದ್ದರು.

ಅವರು ಹೋದ ಮೇಲೆ ಯಜಮಾನರು ಜಗಳಕ್ಕೆ ಬರುತ್ತಾರೆಂದು ಸಜ್ಜಾಗಿ ಕುಳಿತೆ. ಅವರು ನೆಲ ನೋಡುತ್ತಿದ್ದರು.

"ನೀ ಮಾತಾಡ್ತಾ ನಡುವ ನಿಂತ್ರ, ಮುಂದ ಉಸುರು ಬರತದೋ ಇಲ್ಲೋ ಅಂತ ನಂಗ ಭಾಳ ಅಂಜಿಕಿ ಆಗ್ತದ," ಎಂದರು. "ಅದಕ್ಕ ನಾನ ಮುಗಸ್ತಿದ್ದೆ."

ಇಷ್ಟು ದಿನ ಅವರಿಗಾಗಿ ಕೂಡಿಟ್ಟಿದ್ದ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಕಣ್ಣು ತುಂಬಿ ಬಂತು. ಇನ್ನು ಮೇಲೆ ನಾನು ನಿಂತರೆ ಮನಸ್ಸಿನಲ್ಲೇ ಹತ್ತು ಎಣಿಸಿ ಎಂದೆ.

ಈಗ ಅವರು ಎಣಿಸುತ್ತಾರೆ, ತುಟಿ ಅಲುಗುವುದು ಕಾಣುತ್ತದೆ. ಉಸಿರು ಸಾಕಷ್ಟಿದ್ದರೂ ಒಮ್ಮೊಮ್ಮೆ ನಾನು ಒಂಬತ್ತರತನಕ ಸುಮ್ಮನಿರುತ್ತೇನೆ.