ಮುಪ್ಪಂದಲಿನ ಗಾಳಿಗೆ ರಬ್ಬರ್ ಸಿಂಬೆ

ಬೆಳಗಿನ ಐದೂಮುಕ್ಕಾಲು. ಬೆಟ್ಟಗಳ ಸಂದಿನಿಂದ ನುಗ್ಗುವ ಆಡಿ (ಆಷಾಢ) ತಿಂಗಳ ಗಾಳಿ ಇನ್ನೂ ಪೂರ್ತಿ ಎದ್ದಿಲ್ಲ. ರಸ್ತೆಯ ಎರಡೂ ಬದಿಯ ಗಾಳಿಯಂತ್ರಗಳು ನಿದ್ದೆಗಣ್ಣಿನಲ್ಲಿ ತಿರುಗುತ್ತಿವೆ. ಮುಪ್ಪಂದಲಿನಲ್ಲಿ, ನಾಗರಕೋವಿಲಿನ ಕಡೆಗೆ ಹೋಗುವ ಹೆದ್ದಾರಿಯ ಅಂಚಿಗೆ ನಿಂತ ಸಣ್ಣ ಲಾರಿಯಿಂದ ಪೇಚಿಯಮ್ಮಾಳ್ ಇಳಿಯುತ್ತಾರೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ಅದರ ಮೇಲೆ ಹೊಳೆಯುವ ಪಟ್ಟಿಯ ಜಾಕೆಟ್, ತಲೆಗೆ ಬಿಗಿದ ಟವೆಲ್. ಎಡ ಹೆಗಲಿನಲ್ಲಿ ಎರಡು, ಬಲ ಹೆಗಲಿನಲ್ಲಿ ಒಂದು ಕಪ್ಪು ರಬ್ಬರಿನ ದಪ್ಪ ಬಳೆಗಳು ತೂಗುತ್ತಿವೆ.

ಮುಂದೆ ಹೋಗುತ್ತಿರುವ ಹೆಂಗಸು ಕಿತ್ತಳೆ ಬಣ್ಣದ ಕೋನ್ ಇಡುತ್ತಾಳೆ. ಹಿಂದೆಯೇ ಬರುವ ಪೇಚಿಯಮ್ಮಾಳ್ ಒಂದು ಬಳೆಯನ್ನು ಕೋನಿನ ತುದಿಗೆ ತೊಡಿಸಿ ಕೈ ಬಿಡುತ್ತಾರೆ. ಅದು ಜಾರಿ ಬುಡ ಸೇರಿ ಧಪ್ಪನೆ ಕೂರುತ್ತದೆ. ಸೊಂಟ ಬಗ್ಗಿಸುವ ಕೆಲಸವಿಲ್ಲ. ಕೋನಿನ ಬುಡದ ಸುತ್ತ, ಕೋಲಿನ ತುದಿಗೆ ಕಟ್ಟಿದ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಮುಂದಿನದಕ್ಕೆ ನಡೆಯುತ್ತಾರೆ. ನಾನೂರು ಮೀಟರಿಗೆ ನಲವತ್ತು ಕೋನ್, ನಲವತ್ತು ಬಳೆ. ಸೂರ್ಯ ಹುಟ್ಟುವ ಹೊತ್ತಿಗೆ ರಸ್ತೆಯ ಒಂದು ಪಥ ಮುಚ್ಚಿರುತ್ತದೆ. ಅದರೊಳಗೆ ಒಂಬತ್ತು ಹೆಂಗಸರು ಬಿರುಕು ಕೆರೆದು ಡಾಂಬರು ತುಂಬಲು ಕೂರುತ್ತಾರೆ.

ಇವತ್ತು ಏಳನೇ ದಿನ. ಗುತ್ತಿಗೆದಾರರ ಕಡೆಯ ಎಂಜಿನಿಯರ್ ಸೆಲ್ವಿನ್ ಜೆಬರಾಜ್ ಕೊಟ್ಟ ಗಡುವು ಒಂದು ವಾರ. ಬಳೆ ತೊಟ್ಟ ಕೋನುಗಳಲ್ಲಿ ಒಂದೇ ಒಂದು ಗಾಳಿಗೆ ಮಗುಚಿದರೂ ಈ ಪ್ರಯೋಗ ಅಲ್ಲಿಗೆ ನಿಂತಿತು. ಎಲ್ಲವೂ ಇಂದು ಸಂಜೆಯವರೆಗೆ ನಿಂತರೆ, ತಿರುವಿನಲ್ಲಿ ಕೆಂಪು ಬಾವುಟ ಹಿಡಿದು ನಿಂತಿರುವ ಇಸಕ್ಕಿ ನಾಳೆಯಿಂದ ಅಲ್ಲಿ ನಿಲ್ಲಬೇಕಾಗಿಲ್ಲ.

"ಕೋನ್ ನಿಲ್ಲಲಿಲ್ಲ ಅಂದ್ರೆ ಆ ಜಾಗದಲ್ಲಿ ಒಬ್ಬ ಮನುಷ್ಯ ನಿಲ್ಲಬೇಕು" ಎನ್ನುತ್ತಾರೆ ಪೇಚಿಯಮ್ಮಾಳ್. "ಇಲ್ಲಿ ಆ ಮನುಷ್ಯ ನನ್ನ ನಾದಿನಿ."

ನಲವತ್ತೇಳರ ಪೇಚಿಯಮ್ಮಾಳ್ ರಸ್ತೆ ಕೆಲಸಕ್ಕೆ ಬಂದು ಹದಿಮೂರು ವರ್ಷ. ಅದಕ್ಕೆ ಮೊದಲು ತವರಿನಲ್ಲಿ ಅಪ್ಪ ತಾಳೆಮರದಿಂದ ಇಳಿಸಿದ ನೀರಾವನ್ನು ಬೆಲ್ಲ ಕಾಯಿಸುವ ಕೊಟ್ಟಿಗೆಗೆ ಹೊರುತ್ತಿದ್ದರು. ತಲೆಯ ಮೇಲೆ ಬಟ್ಟೆಯ ಸಿಂಬೆ (ಇಲ್ಲಿಯವರ ಬಾಯಲ್ಲಿ ಸುಮ್ಮಾಡು), ಅದರ ಮೇಲೆ ಮಡಕೆ. ಈಗಲೂ ಜಲ್ಲಿ ಬುಟ್ಟಿ ಹೊರುವಾಗ ಅದೇ ಸಿಂಬೆ. ಎಂಟನೇ ತರಗತಿಯವರೆಗೆ ಓದಿದ್ದಾರೆ. ತೂಕದ ವಿಷಯದಲ್ಲಿ ಅವರ ಕತ್ತು ಹೇಳುವುದಕ್ಕೂ ತಕ್ಕಡಿ ತೋರಿಸುವುದಕ್ಕೂ ಹೆಚ್ಚು ಅಂತರವಿರುವುದಿಲ್ಲ ಎಂದು ಸೆಲ್ವಿನ್ ನಗುತ್ತಾರೆ.

ಮೂರು ಕಿಲೋದ ಕೋನ್ ಬೇರೆ ಊರುಗಳಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೆ. ಗಾಳಿ ಅದರ ನಡುವನ್ನು ತಳ್ಳುತ್ತದೆ, ಬುಡದ ತೂಕ ಮತ್ತು ಅಗಲ ಅದನ್ನು ಹಿಡಿದಿಡುತ್ತವೆ. ಆದರೆ ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆಡಿ ತಿಂಗಳ ಮಧ್ಯಾಹ್ನ ಮುಪ್ಪಂದಲಿನ ಗಾಳಿ ಹಾಗೆ ಏರುತ್ತದೆ. ಅದರ ಜೊತೆಗೆ ಪಕ್ಕದಲ್ಲೇ ಹಾದುಹೋಗುವ ಬಸ್ಸು ಲಾರಿಗಳ ರಭಸ. ಬಳೆ ಬರುವ ಮೊದಲು ಈ ತಂಡ ದಿನಕ್ಕೆ ಅರವತ್ತು ಎಪ್ಪತ್ತು ಬಾರಿ ಬಿದ್ದ ಕೋನ್ ಎತ್ತಿ ನಿಲ್ಲಿಸುತ್ತಿತ್ತು. ಹಾಗೆಂದರೆ ಓಡುವ ವಾಹನಗಳ ನಡುವೆ ಅರವತ್ತು ಎಪ್ಪತ್ತು ಬಾರಿ ಒಬ್ಬರು ಕಾಲಿಡುತ್ತಿದ್ದರು.

ಎಲ್ಲರೂ ಮಾಡುವುದನ್ನೇ ಇವರೂ ಮಾಡಿದ್ದರು: ಬುಡದ ಮೇಲೆ ಕಲ್ಲು ಹೇರುವುದು. ಎರಡು ವರ್ಷದ ಹಿಂದೆ ಬಸ್ಸಿನ ಚಕ್ರ ಅಂಥ ಒಂದು ಕಲ್ಲಿನ ಅಂಚನ್ನು ತುಳಿಯಿತು. ಕಲ್ಲು ಚಿಮ್ಮಿ ಹನ್ನೆರಡು ಅಡಿ ದೂರದಲ್ಲಿ ಗುಡಿಸುತ್ತಿದ್ದ ಇಸಕ್ಕಿಯ ಮೊಣಕಾಲಿನ ಕೆಳಗೆ ಬಡಿದು ಮೂಳೆ ಮುರಿಯಿತು. ಕಲ್ಲು ಇಡುವುದು ಅಂದೇ ನಿಷೇಧವಾಯಿತು. ಐದು ತಿಂಗಳ ನಂತರ ಮರಳಿ ಬಂದ ಇಸಕ್ಕಿಗೆ ಭಾರ ಹೊರಲು ಆಗುತ್ತಿರಲಿಲ್ಲ. ಕಲ್ಲಿಲ್ಲದ ಕೋನುಗಳು ತಿರುವಿನಲ್ಲಿ ನಿಲ್ಲುತ್ತಿರಲಿಲ್ಲ. ಬಾವುಟವನ್ನು ಅವರ ಕೈಗೆ ಕೊಟ್ಟು ತಿರುವಿನಲ್ಲಿ ನಿಲ್ಲಿಸಿದರು.

"ಕಾಲು ಮುರಿದವಳು ಓಡಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೇ ನನ್ನನ್ನೇ ಹುಡುಕಿ ನಿಲ್ಲಿಸಿದ್ರು" ಎಂದು ಇಸಕ್ಕಿ ದೂರದಿಂದಲೇ ಕೂಗಿ ನಗುತ್ತಾರೆ. ನಗುವಾಗಲೂ ಕಣ್ಣು ಬರುವ ಲಾರಿಯ ಮೇಲೆ.

ಬಳೆಯ ಯೋಚನೆ ಬಂದದ್ದು ಯೋಚಿಸಿ ಅಲ್ಲ. ಒಂದು ಮಧ್ಯಾಹ್ನ ಪೇಚಿಯಮ್ಮಾಳ್ ಬುಟ್ಟಿ ಇಳಿಸಿ, ಬೆವರಿನಲ್ಲಿ ನೆನೆದ ಸಿಂಬೆಯನ್ನು ಎಲ್ಲಿಡುವುದೆಂದು ತೋಚದೆ ಹತ್ತಿರದ ಕೋನಿಗೆ ಸಿಕ್ಕಿಸಿದರು. ಅದು ಜಾರಿ ಬುಡಕ್ಕೆ ಹೋಗಿ ಕೂತಿತು. ಒಂದು ಲಾರಿ ಹಾದುಹೋಯಿತು. ಸಾಲಿನಲ್ಲಿ ಮೂರು ಕೋನ್ ಬಿದ್ದವು. ಸಿಂಬೆ ತೊಟ್ಟದ್ದು ಓಲಾಡಿ ನಿಂತಿತು. "ಬಟ್ಟೆ ಸಿಂಬೆಗೇ ಹೀಗೆ ನಿಂತ್ರೆ, ತೂಕದ ಸಿಂಬೆಗೆ ಹೇಗೆ ನಿಲ್ಲಬಹುದು ಅಂತ ಆವತ್ತು ನಿದ್ದೇನೇ ಬರಲಿಲ್ಲ."

ಪಂಕ್ಚರ್ ಅಂಗಡಿಯವರು ಎಸೆದ ಸ್ಕೂಟರ್ ಟ್ಯೂಬುಗಳನ್ನು ತಂದರು. ಕತ್ತರಿಸಿ, ಮರಳು ತುಂಬಿ, ತುದಿಗಳನ್ನು ಒಂದರ ಮೇಲೊಂದು ಇಟ್ಟು ಬಿಗಿದರು. ಅಂದವಾದ ಸಿಂಬೆ. ತಪ್ಪಾದದ್ದು ಮರಳಿನ ಆಯ್ಕೆಯಲ್ಲಿ. ಹೊಳೆಮರಳು ದಪ್ಪ, ಟ್ಯೂಬಿನೊಳಗೆ ಸಲೀಸಾಗಿ ಇಳಿಯುವುದಿಲ್ಲ. ಸಮುದ್ರದ ಕಡೆಯ ತೇರಿ ದಿಬ್ಬಗಳ ಕೆಂಪು ಮರಳು ಗಾಳಿ ಉಜ್ಜಿ ಉಜ್ಜಿ ನುಣುಪಾದದ್ದು, ನೀರಿನಂತೆ ಇಳಿಯಿತು. ಒಳಗೆ ಸುಲಭವಾಗಿ ಹೋಗುವುದು ಹೊರಗೂ ಅಷ್ಟೇ ಸುಲಭವಾಗಿ ಬರುತ್ತದೆಂದು ಆಗ ಹೊಳೆಯಲಿಲ್ಲ. ಹನ್ನೊಂದನೇ ದಿನ ಒಂದು ಟ್ಯೂಬಿನ ಬಾಯಿ ಸೀಳಿ, ಗುಂಡು ಗುಂಡಾದ ಆ ಕಾಳುಗಳು ರಸ್ತೆಯ ಮೇಲೆ ತೆಳ್ಳಗೆ ಹರಡಿದವು. ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಬಂದ ಮೊಪೆಡ್ ಅದರ ಮೇಲೆ ಜಾರಿತು. ಸವಾರನ ಮಣಿಕಟ್ಟು ಮುರಿಯಿತು.

ಯಾರು ಇದನ್ನು ಮಾಡಿದ್ದು ಎಂದು ಸೆಲ್ವಿನ್ ಕೇಳಿದಾಗ ಎಲ್ಲರೂ ಗಾಳಿಯಂತ್ರಗಳನ್ನು ನೋಡುತ್ತ ನಿಂತಿದ್ದರಂತೆ. ಪೇಚಿಯಮ್ಮಾಳ್ ಮಾತ್ರ ಮೀನುಗಾರನ ಪಕ್ಕದಲ್ಲಿ, ಅವನ ಕೈಗೆ ಟವೆಲ್ ಕಟ್ಟುತ್ತ, ತಲೆ ಎತ್ತದೆ "ನಾನು ಸಾರ್" ಎಂದರು.

"ನಾದಿನಿ ಕಾಲಿಗೆ ಅಂತ ಹೊರಟು ಯಾರದೋ ಕೈ ಮುರಿದೆ" ಎನ್ನುವಾಗ ಅವರ ದನಿ ಈಗಲೂ ಇಳಿಯುತ್ತದೆ. ಸೆಲ್ವಿನ್ ಎಲ್ಲ ಟ್ಯೂಬುಗಳನ್ನೂ ಹಿಂದಕ್ಕೆ ಕಳಿಸಿದರು. ನಾಲ್ಕು ತಿಂಗಳು ಪೇಚಿಯಮ್ಮಾಳ್ ಆ ಮಾತೇ ಎತ್ತಲಿಲ್ಲ.

ಎತ್ತಿಸಿದವರು ಇಸಕ್ಕಿ. ಒಂದು ದಿನ ಚುಕ್ಕುಕಾಪಿ ಕುಡಿಯುತ್ತ, ಶುಂಠಿಯ ಖಾರ ಗಂಟಲಿಗೆ ಹತ್ತಿದಾಗಲೇ ಮಾತೂ ಖಾರವಾಯಿತು.

"ಅತ್ತಿಗೆ, ಮರಳು ಚೆಲ್ಲಿದ್ದು ನಿಮ್ಮ ತಪ್ಪೇ. ನಾನೇನೂ ಸಮಾಧಾನ ಹೇಳಲ್ಲ."

"ಹೇಳು ಅಂತ ಯಾರು ಕೇಳಿದ್ರೇ?"

"ಆದ್ರೆ ಕೈಕಟ್ಟಿ ಕೂತಿದೀರಲ್ಲ, ಅದು ಯಾವ ಲೆಕ್ಕ? ನೀವು ಬೇಜಾರು ಮಾಡ್ಕೊಂಡು ಮರದ ನೆರಳಲ್ಲಿ ಕೂತಿದೀರಿ. ನಾನಿನ್ನೂ ಬಿಸಿಲಲ್ಲಿ, ಅದೇ ತಿರುವಲ್ಲಿ ನಿಂತಿದೀನಿ."

ಆ ಭಾನುವಾರ ಪೇಚಿಯಮ್ಮಾಳ್ ಕಾವಲ್‌ಕಿಣರಿನ ಮೀರಾನ್ ಭಾಯಿಯ ಬಳಿ ಹೋದರು. ಹಳೆಯ ಟೈರ್ ಕೊಯ್ದು ದನಗಳಿಗೆ ನೀರಿನ ತೊಟ್ಟಿ, ಬಾವಿಗೆ ಬಕೆಟ್ ಮಾಡುವುದು ಭಾಯಿಯ ಕಸುಬು. ಸೋಪು ನೀರಿನಲ್ಲಿ ಚಾಕು ಅದ್ದಿ ಅದ್ದಿ ಅವರು ಟೈರ್ ಸೀಳುವುದನ್ನು ನೋಡಿದರೆ ಹಲಸಿನ ಹಣ್ಣು ಬಿಡಿಸಿದಂತಿರುತ್ತದೆ.

"ಎಮ್ಮೆಗೆ ತೊಟ್ಟಿ ಕೇಳ್ತಾರೆ, ಬಾವಿಗೆ ಬಕೆಟ್ ಕೇಳ್ತಾರೆ. ರಸ್ತೆಗೆ ಬಳೆ ತೊಡಿಸ್ತೀನಿ ಅಂತ ಬಂದವಳು ನೀನೊಬ್ಬಳೇ ತಂಗಿ. ಸೀಮಂತ ಯಾವಾಗ?"

"ಭಾಯ್, ತಮಾಷೆ ಆಮೇಲೆ. ಒಡೀಬಾರ್ದು, ಚೆಲ್ಲಬಾರ್ದು, ಚಕ್ರ ಹತ್ತಿದ್ರೆ ಚಿಮ್ಮಬಾರ್ದು. ಅಂಥದ್ದು ಏನಿದೆ ನಿಮ್ಹತ್ರ?"

ಭಾಯಿ ತಂತಿ ಹೆಣೆದ ಟೈರುಗಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ತಂತಿ ಸವೆದು ಮೊನೆ ಹೊರಬಂದರೆ ಬೇರೆಯವರ ಚಕ್ರಕ್ಕೆ ಚುಚ್ಚುತ್ತದೆ. ನೈಲಾನ್ ನೂಲಿನ ಹಳೆಯ ಲಾರಿ ಟೈರಿನ ಪಕ್ಕೆಯನ್ನು ಬೆರಳಗಲದ ಪಟ್ಟಿಯಾಗಿ ಸುತ್ತಲೂ ಕೊಯ್ದು ಕೊಟ್ಟರು. ಪೇಚಿಯಮ್ಮಾಳ್ ಅದನ್ನು ಹಳೆಯ ಸೀರೆ ಸುತ್ತುವಂತೆಯೇ ಸುತ್ತಿ, ಟ್ಯೂಬಿನ ಪಟ್ಟಿಯಿಂದ ನಾಲ್ಕು ಕಡೆ ಬಿಗಿದರು. ಒಳಗೆ ತುಂಬುವುದು ಏನೂ ಇಲ್ಲವಾದ್ದರಿಂದ ಚೆಲ್ಲುವುದೂ ಏನೂ ಇಲ್ಲ.

ಆದರೂ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಪರೀಕ್ಷೆಗೆಂದು ಮಾಡಿದ ಮೊದಲ ಕೆಲವು ಏಳು ಕಿಲೋ ತೂಗಿದವು. ಬೆಟ್ಟ ಅಲ್ಲಾಡಿದರೂ ಕೋನ್ ಅಲ್ಲಾಡದು ಎನ್ನುವಂತೆ ನಿಂತವು. ಮೂರನೇ ದಿನ ನೋಡಿದರೆ ಅರ್ಧ ಬಳೆಗಳು ಲಾರಿಯಲ್ಲೇ ಉಳಿದಿದ್ದವು. ಯಾರೂ ಜಗಳ ಮಾಡಲಿಲ್ಲ, ಬೇಡವೆನ್ನಲಿಲ್ಲ. ಸುಮ್ಮನೆ ಇಳಿಸಿಕೊಳ್ಳಲಿಲ್ಲ, ಅಷ್ಟೇ. ತಂಡದಲ್ಲಿ ಎಲ್ಲರಿಗಿಂತ ಹಿರಿಯಳಾದ ಹೆಂಗಸಿನ ಹೆಗಲಿಗೆ ಮೂರು ಹಾಕಿ, ಈ ತುದಿಯಿಂದ ಆ ತುದಿಗೆ ನಡೆಸಿ, ಒಂದೊಂದೇ ಸುತ್ತು ಕಡಿಮೆ ಮಾಡುತ್ತ ಬಂದರು. ಐದೂವರೆ ಕಿಲೋಗೆ ಬಂದಾಗ ಆಕೆ ನಡೆಯುತ್ತಲೇ ಮಗಳ ಮನೆಯ ಸುದ್ದಿ ಹೇಳತೊಡಗಿದಳು. ಪೇಚಿಯಮ್ಮಾಳ್ ಅಲ್ಲಿಗೆ ನಿಲ್ಲಿಸಿದರು.

ಇನ್ನೊಂದು ತೊಂದರೆ ನಗೆಪಾಟಲಿನದು. ಕೈ ಜಾರಿದ ಬಳೆಯೊಂದು ಗಾಳಿಯ ಜೊತೆ ಇಳಿಜಾರಿನಲ್ಲಿ ಉರುಳುತ್ತ ಹೊರಟಿತು. ಅದರ ಹಿಂದೆ ಪೇಚಿಯಮ್ಮಾಳ್, ಅವರ ಹಿಂದೆ ಬಾವುಟ ಬೀಸುತ್ತ ಇಸಕ್ಕಿ. "ಮದುವೆಗೆ ಒಪ್ಪದ ಗಂಡು ಓಡಿದ ಹಾಗೆ ಓಡ್ತಿತ್ತು" ಎಂದು ಇಸಕ್ಕಿ ನೆನೆಯುತ್ತಾರೆ. ಅಂದಿನಿಂದ ನಾಲ್ಕು ಗಂಟುಗಳನ್ನೂ ಹೊರಗಡೆ ಉಬ್ಬುವಂತೆ ಕಟ್ಟುತ್ತಾರೆ. ಈಗ ಬಳೆ ಉರುಳುವುದಿಲ್ಲ, ಎರಡು ಸಲ ಕುಂಟಿ ಮಲಗುತ್ತದೆ.

ಇಡೀ ಸಾಲಿಗೆ ತೊಡಿಸಲು ಸೆಲ್ವಿನ್ ಸುಲಭಕ್ಕೆ ಒಪ್ಪಲಿಲ್ಲ. ಮೀನುಗಾರನ ಮುರಿದ ಕೈ ಅವರಿಗೂ ಮರೆತಿರಲಿಲ್ಲ. ಮೊದಲು ಅಂಗಳದಲ್ಲಿ ಬಳೆಯ ಮೇಲೆ ಬೈಕು, ಆಮೇಲೆ ಲಾರಿ ಹತ್ತಿಸಿ ನೋಡಿದರು. ಅದು ಚಪ್ಪಟೆಯಾಗಿ ಮತ್ತೆ ಉಬ್ಬಿತು. ಆಗ ಒಂದು ವಾರ ಕೊಟ್ಟರು.

ಆ ವಾರದ ಐದನೇ ದಿನ ಒಂದು ಕೋನ್ ಬಿತ್ತು. ಪಕ್ಕಕ್ಕೆ ಸರಿದ ಬಸ್ಸು ಅದನ್ನು ತಾಗಿಸಿಕೊಂಡು ಹೋಗಿತ್ತು. ಸೆಲ್ವಿನ್ ಆಗ ಅಲ್ಲಿರಲಿಲ್ಲ. ಎತ್ತಿ ನಿಲ್ಲಿಸಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೇಚಿಯಮ್ಮಾಳ್ ಫೋನ್ ಮಾಡಿದರು.

"ಬಿತ್ತು ಅಂತ ಬರ್ಕೊಳ್ಳಿ ಸಾರ್. ಯಾಕೆ ಬಿತ್ತು ಅಂತಲೂ ಬರ್ಕೊಳ್ಳಿ. ಬಳೆ ಒಂದು ಮಾರು ದೂರದಲ್ಲಿ ಬಿದ್ದಿದೆ. ಯಾರಿಗೂ ಏನೂ ಆಗಿಲ್ಲ, ಬಸ್ಸಿನವನು ಬೈದದ್ದು ಬಿಟ್ರೆ."

ಏಳನೇ ದಿನದ ಮಧ್ಯಾಹ್ನ ಮೂರಕ್ಕೆ ಗಾಳಿ ತನ್ನ ಪೂರ್ತಿ ಬಲಕ್ಕೆ ಬರುತ್ತದೆ. ಮಾತು ಬಾಯಿಂದ ಹೊರಟರೆ ಕಿವಿಗೆ ತಲುಪುವ ಮೊದಲೇ ಹಾರಿಹೋಗುತ್ತದೆ. ಸೆಲ್ವಿನ್ ಹಾಳೆ ಹಿಡಿದು ರಸ್ತೆಯಂಚಿನಲ್ಲಿ ನಿಂತಿದ್ದಾರೆ. ಆ ಹೊತ್ತಿಗೇ ಗಾಳಿಯಂತ್ರದ ಉದ್ದನೆಯ ರೆಕ್ಕೆಯೊಂದನ್ನು ಹೊತ್ತ ಟ್ರೇಲರ್ ತೆವಳುತ್ತ ಬರುತ್ತದೆ. ಅದರ ಹಿಂದೆ ಅರ್ಧ ಗಂಟೆಯಿಂದ ತಾಳ್ಮೆ ಕಳೆದುಕೊಂಡ ಬಸ್ಸು ಲಾರಿಗಳ ಸಾಲು. ತಿರುವು ದಾಟಿದ ಟ್ರೇಲರ್ ಬದಿಗೆ ಸರಿದು ದಾರಿ ಬಿಡುತ್ತದೆ, ಇಡೀ ಸಾಲು ಒಮ್ಮೆಗೇ ನುಗ್ಗುತ್ತದೆ.

ಪೇಚಿಯಮ್ಮಾಳ್ ಸೆರಗನ್ನು ಹಲ್ಲಲ್ಲಿ ಕಚ್ಚಿದ್ದಾರೆ. ತಿರುವಿನ ಕೋನುಗಳು ಒಂದಾದ ಮೇಲೊಂದು ನಡುಗುತ್ತವೆ, ತುದಿ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಹದಿನೇಳನೆಯದು ತಿರುಗಿ ಪಕ್ಕಕ್ಕೆ ಜರುಗುತ್ತದೆ. ಕೊನೆಯ ಲಾರಿ ಹೋದ ಮೇಲೆ ಸೆಲ್ವಿನ್ ಅದರ ಬಳಿ ಕುಕ್ಕರಗಾಲಿನಲ್ಲಿ ಕೂತು ಸೀಮೆಸುಣ್ಣದ ಗೆರೆಯಿಂದ ಅಳೆಯುತ್ತಾರೆ.

"ಒಂದು ಗೇಣು ಸರಿದಿದೆ."

"ಹೌದು ಸಾರ್."

"ಬಿದ್ದಿಲ್ಲ."

ಪೇಚಿಯಮ್ಮಾಳ್ ಕೋನನ್ನು ಮತ್ತೆ ಗೆರೆಯೊಳಗೆ ತಳ್ಳುತ್ತಾರೆ. ಸೆಲ್ವಿನ್ ಅದರಿಂದಾಚೆಯ ಇಪ್ಪತ್ತಮೂರನ್ನೂ ನೋಡಿಕೊಂಡು, ಐದು ಗಂಟೆಗೆ ಹಾಳೆಯ ಕೆಳಗೆ ಸಹಿ ಹಾಕುತ್ತಾರೆ. ಐದನೇ ದಿನದ್ದು ಬಸ್ಸು ತಾಗಿ ಬಿದ್ದದ್ದು, ಗಾಳಿಗಲ್ಲ ಎಂದು ಬರೆದಿದ್ದಾರೆ. ಆಮೇಲೆ ತಿರುವಿನ ಕಡೆ ತಿರುಗಿ ಕೂಗುತ್ತಾರೆ. "ಇಸಕ್ಕಿ ಅಕ್ಕಾ, ಬಾವುಟ ಲಾರಿಗೆ ಹಾಕಿ. ನಾಳೆಯಿಂದ ಬಿರುಕು ಕೆರೆಯೋ ಕಡೆ ಕೂತ್ಕೊಳ್ಳಿ, ಸಂಬಳ ಅದೇ."

ತಮ್ಮ ಹೆಸರು ಎಲ್ಲಾದರೂ ಬರಬೇಕೆಂಬ ಆಸೆ ಪೇಚಿಯಮ್ಮಾಳ್‌ಗೆ ಇದೆಯೇ? ಅವರು ಟವೆಲ್ ಬಿಚ್ಚಿ ಮುಖದ ಧೂಳು ಒರೆಸಿಕೊಳ್ಳುತ್ತಾರೆ. "ಹೆಸರು ಬೇಡ, ತೂಕ ಬರೆದಿಡಿ. ಐದೂವರೆ ಕಿಲೋ. ನಾಳೆ ಯಾರೋ ಇನ್ನೂ ಗಟ್ಟಿ ಇರಲಿ ಅಂತ ಹತ್ತು ಕಿಲೋ ಮಾಡಿಬಿಟ್ರೆ, ಹೊರೋ ಹೆಂಗಸು ಅದನ್ನ ಲಾರೀಲೇ ಬಿಡ್ತಾಳೆ. ಆಮೇಲೆ ಮತ್ತೆ ಯಾರನ್ನೋ ನಿಲ್ಲಿಸ್ತಾರೆ."

ಲಾರಿ ಬರಲು ಇನ್ನೂ ಹೊತ್ತಿದೆ. ಬಾವುಟ ಬಿಟ್ಟು ಹೋಗಲಾಗದೆ ಮಧ್ಯಾಹ್ನ ಉಣ್ಣದ ಇಸಕ್ಕಿ, ಕೋನುಗಳ ಒಳಬದಿಯಲ್ಲಿ ಕಾಲು ಚಾಚಿ ಕೂತು ತಂಗಳನ್ನದ ಡಬ್ಬಿ ತೆರೆಯುತ್ತಾರೆ. ರಸ್ತೆಯ ಮೇಲೆ ಕೆಲಸ ಮಾಡುವವರು ಉಣ್ಣುವಾಗಲೂ ವಾಹನ ಬರುವ ದಿಕ್ಕಿಗೇ ಮುಖ ಮಾಡಿ ಕೂರುತ್ತಾರೆ. ಇಸಕ್ಕಿ ಅದಕ್ಕೆ ಬೆನ್ನು ಹಾಕಿ ಕೂತಿದ್ದಾರೆ. ಹಿಂದಿನಿಂದ ಒಂದು ಬಸ್ಸು ಅಬ್ಬರಿಸುತ್ತ ಹಾದುಹೋಗುತ್ತದೆ, ಅನ್ನದ ಮೇಲೆ ಸೆರಗು ಹಾರುತ್ತದೆ. ಅವರು ಸೆರಗು ಸರಿಸಿ, ಮಜ್ಜಿಗೆ ಮೆಣಸಿನಕಾಯಿ ಕಡಿದು, ಇನ್ನೊಂದು ತುತ್ತು ಕಲಸುತ್ತಾರೆ.

ಪೇಚಿಯಮ್ಮಾಳ್ ಇದನ್ನೇ ನೋಡುತ್ತ ನಿಂತಿದ್ದಾರೆ. "ನೋಡಿ," ಎನ್ನುತ್ತಾರೆ ಮೆಲ್ಲಗೆ, "ಅವಳು ತಿರುಗಿ ನೋಡಲಿಲ್ಲ."