ಸೊಸೆಯ ಕೈ, ಅತ್ತೆಯ ಬೆನ್ನು

ನಾವು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ ನನ್ನ ಮಗಳಿಗೆ ನಾಲ್ಕು ವರ್ಷ. ಮಳೆಗಾಲ ಮುಗಿದು ಗಾಳಿ ಒಣಗಿತೆಂದರೆ ಅವಳ ಎದೆ ಕಟ್ಟುತ್ತಿತ್ತು. ಜ್ವರ ಇಳಿಯುತ್ತಿತ್ತು, ಕಫ ಹೋಗುತ್ತಿರಲಿಲ್ಲ. ತಿಂಗಳು ತುಂಬುವುದರೊಳಗೆ ಮತ್ತೆ ಜ್ವರ. ಉಸಿರೆಳೆದಾಗ ಅವಳ ಕೊರಳ ಕೆಳಗಿನ ಗುಳಿ ಒಳಕ್ಕೆ ಹೋಗುವುದನ್ನು ನೋಡುತ್ತ ಕೂತಿರುತ್ತಿದ್ದೆ. ಈಗಲೂ ಯಾವ ಮಗು ಮಲಗಿದ್ದರೂ ನನ್ನ ಕಣ್ಣು ಮೊದಲು ಹೋಗುವುದು ಆ ಗುಳಿಗೇ.

ಒಂದು ಸಲ ಶಹಾಬಾದಿನ ದವಾಖಾನೆಯಲ್ಲಿಟ್ಟು ಅಲ್ಲಿಂದ ಮನೆಗೆ ಕಳಿಸುವಾಗ ಡಾಕ್ಟರು ಮುಚ್ಚಿಡದೆ ಹೇಳಿದರು: ಉಳಿದ ಕಫವನ್ನು ಮನೆಯಲ್ಲಿ ದಿನಾ ಸಡಿಲಿಸಿ ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಶ್ವಾಸಕೋಶದಲ್ಲಿ ಕಫ ಕಟ್ಟಿದ ಭಾಗ ಕೆಟ್ಟೇ ಹೋದೀತು. ನರ್ಸಬಾಯಿ ನನ್ನ ಹೆಂಡತಿಗೆ ಅದನ್ನು ಕಲಿಸಿದರು. ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ತುಸು ಕೆಳಗಿರುವಂತೆ ಹಿಡಿದು, ಬೆನ್ನುಮೂಳೆಯ ಗೆರೆ ಬಿಟ್ಟು ಎರಡೂ ಪಕ್ಕ ಬಡಿಯಬೇಕು. ಬಡಿಯತೊಡಗಿದರೆ ನನ್ನ ಹೆಂಡತಿಯ ಅಂಗೈ ತಾನಾಗಿಯೇ ಚಪ್ಪಟೆಯಾಗುತ್ತಿತ್ತು.

"ರೊಟ್ಟಿ ಬಡಿದಂಗ ಬಡೀಬ್ಯಾಡವ್ವ," ಅಂದರು ನರ್ಸಬಾಯಿ. "ಕೈ ಬಟ್ಟಲ ಮಾಡು. ಒಳಗ ಗಾಳಿ ಇರಬೇಕು."

ಚಪ್ಪಟೆ ಕೈ ಚಟ್ ಎನ್ನುತ್ತದೆ, ಚರ್ಮ ಉರಿಯುತ್ತದೆ. ಬಟ್ಟಲಾದ ಕೈ ದಬ್ ಎನ್ನುತ್ತದೆ. ವಾಡಿ ಬರುವವರೆಗೂ ರೈಲಿನಲ್ಲಿ ಅವಳು ತನ್ನ ತೊಡೆಯ ಮೇಲೆ ಬಡಿದುಕೊಳ್ಳುತ್ತ ಆ ಸದ್ದನ್ನು ಹುಡುಕಿದಳು. ಎದುರಿಗೆ ಕೂತವರು ಅವಳನ್ನೂ ನನ್ನನ್ನೂ ನೋಡಿದರು. ಅವಳು ನಿಲ್ಲಿಸಲಿಲ್ಲ.

ಮನೆಯಲ್ಲಿ ನಮ್ಮವ್ವ ಮೊಮ್ಮಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂತುಬಿಟ್ಟಳು. ಬೇನೆಬಿದ್ದ ಕೂಸನ್ನು ಬಡಿಯುವುದು ಯಾವ ಊರಿನ ಔಷಧಿ ಎಂದಳು. ಮರುದಿನ ಮಗುವಿನ ಎದೆಯಲ್ಲಿ ಸಿಳ್ಳು ಮತ್ತೆ ಶುರುವಾಯಿತು. ನನ್ನ ಹೆಂಡತಿ ಜಗಳಕ್ಕೆ ಹೋಗಲಿಲ್ಲ. ಅತ್ತೆಯ ಹಿಂದೆ ಹೋಗಿ ಕೂತಳು.

"ಅತ್ತಿ, ಮೊದಲ ನಿಮಗ ಬಡೀತೀನಿ. ನೋವಾದ್ರ ಹೇಳ್ರಿ, ಕೂಸಿನ ಮೈ ಮುಟ್ಟಂಗಿಲ್ಲ."

"ಸೊಸಿ ಕೈಲಿ ಬಡಿಸ್ಕೊಳ್ಳೋದೊಂದು ಉಳಿದಿತ್ತು," ಎಂದಳು ಅವ್ವ. ಆದರೆ ಏಳಲಿಲ್ಲ.

ದಬ್, ದಬ್ ಎಂದು ಸದ್ದು ಒಂದೇ ಸಮನೆ ಸಾಗಿತು. ಅವ್ವನ ಬಿಗಿದ ಭುಜಗಳು ಇಳಿದವು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದೀಟು ಮ್ಯಾಲ ಬಡಿ," ಅಂದಳು.

ಸೆರಗಿನಿಂದ ತಲೆ ಹೊರಹಾಕಿದ ಮಗಳು ಅಜ್ಜಿ ಏಟು ತಿನ್ನುವುದನ್ನು ಕಂಡು ನಕ್ಕಳು. ನಗು ಕೆಮ್ಮಾಯಿತು. ಅವ್ವ ಅವಳನ್ನು ತಾನೇ ಎತ್ತಿ ಸೊಸೆಯ ತೊಡೆಗೆ ಹಾಕಿ, ಹಣೆಗೆ ಕೈ ಕೊಟ್ಟು ಹಿಡಿದಳು.

ನಾನು ತಾಟು ಹಿಡಿದಿದ್ದೆ. ಹೆಂಡತಿಯ ಕೈ ಒಮ್ಮೆಯೂ ಚಪ್ಪಟೆಯಾಗಲಿಲ್ಲ. ಕೊನೆಗೆ ಅಂಟಂಟಾದ ಹಳದಿ ಕಫ ತಾಟಿಗೆ ಬಿತ್ತು. ಮಗಳು ಎದ್ದು ಕೂತು ಉಸಿರೆಳೆದಳು. ಕೊರಳ ಗುಳಿ ಒಳಕ್ಕೆ ಹೋಗಲಿಲ್ಲ.

ಆ ಚಳಿಗಾಲವೆಲ್ಲ ದಿನಾ ನಸುಕಿನಲ್ಲಿ, ಒಲೆ ಹೊತ್ತುವ ಮುಂಚೆ, ಮಗಳು ತಾನೇ ಬಂದು ತಾಯಿಯ ತೊಡೆಯ ಮೇಲೆ ಬೋರಲು ಬೀಳುತ್ತಿದ್ದಳು. ಜ್ವರ ಬರುವುದು ಅಪರೂಪವಾಗುತ್ತ ಬಂತು. ಮಗಳದು ಮುಗಿಯುತ್ತಲೇ ಅವ್ವ ಸರಿದು ಬಂದು, ಸೊಸೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು.